ಹೋಲ್‌ಸ್ಟನ್ ತೀರದಿಂದ ಭೀಮಾತೀರಕ್ಕೆ

ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಹಾದಿಯಲ್ಲಿ ವಾಡಿಯನ್ನು ದಾಟಿ ರಾಯಚೂರಿನತ್ತ ಸಾಗುವ ಪ್ರಯಾಣಿಕನಿಗೆ ಯಾದಗಿರಿಯ ಕೋಟೆ ದೂರದಿಂದಲೇ ದರ್ಶನ ಕೊಡುತ್ತದೆ. ಬಯಲಿನ ನಡುವೆ ಎದ್ದು ನಿಂತ ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ಹಲವು ಅರಸುಮನೆತನಗಳ ಕೈದಾಟಿ ಬಂದ ಗೋಡೆಗಳು, ಕೆಳಗೆ ಬಿಸಿಲಿಗೆ ಬೆಂದ ಊರು. ಪ್ರವಾಸಿಗಳು ಇಲ್ಲಿ ಇಳಿಯುವುದು ವಿರಳ. ಆದರೆ ಏಳು ಸಮುದ್ರದಾಚೆಯಿಂದ ಹೊರಟು, ಹೆಂಡತಿ ಮಕ್ಕಳೊಡನೆ ಇದೇ ನಿಲ್ದಾಣದಲ್ಲಿ ಇಳಿದು ಇಲ್ಲಿಯೇ ನೆಲೆಸಿದವರೂ ಉಂಟು.

ಯಾದಗಿರಿಯಲ್ಲಿ ಮೆಥಡಿಸ್ಟ್ ಪಂಗಡದ ಕ್ರೈಸ್ತರು ಸ್ಥಾಪಿಸಿದ ಆಸ್ಪತ್ರೆಯ ಹೆಸರು ಹೋಲ್‌ಸ್ಟನ್. ಕನ್ನಡದ ಕಿವಿಗೆ ಈ ಶಬ್ದ ಯಾರೋ ದೊರೆಯ ಹೆಸರಿನಂತೆ ಕೇಳಿಸಬಹುದು. ವಾಸ್ತವವಾಗಿ ಅದು ಅಮೆರಿಕೆಯ ಒಂದು ನದಿಯ ಹೆಸರು. ಆ ನದಿಯ ಸೀಮೆಯ ಮೆಥಡಿಸ್ಟ್ ಸಭೆಗಳಿಗೂ ಅದೇ ಹೆಸರು. ಹೋಲ್‌ಸ್ಟನ್ ನದಿ ನಾಕ್ಸ್‌ವಿಲ್ ನಗರದ ಬಳಿ ಇನ್ನೊಂದು ನದಿಯನ್ನು ಕೂಡಿ ಟೆನೆಸಿ ಎನಿಸಿಕೊಳ್ಳುತ್ತದೆ. ಯಾದಗಿರಿಯ ಮಗ್ಗುಲಲ್ಲಿ ಹರಿಯುವ ಭೀಮೆಯೂ ಮುಂದೆ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ಹೋಲಿಕೆ ಇಷ್ಟಕ್ಕೇ ಮುಗಿಯಿತು. ಕಾಡುಗುಡ್ಡಗಳ ಹಸಿರು ನಾಡಿನಿಂದ ಬಂದವರಿಗೆ ಇಲ್ಲಿಯ ಏಪ್ರಿಲ್ ಮೇ ತಿಂಗಳುಗಳು ಎಂತಹ ಸ್ವಾಗತ ನೀಡಿದ್ದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮೆಥಡಿಸ್ಟರ ವೈದ್ಯಸೇವೆ ಭಾರತಕ್ಕೆ ಹೊಸದಾಗಿರಲಿಲ್ಲ. 1870ರಲ್ಲಿಯೇ ಕ್ಲಾರಾ ಸ್ವೇನ್ ಎಂಬ ಅಮೆರಿಕದ ವೈದ್ಯೆ ಬರೇಲಿಗೆ ಬಂದು, ಪರದೆಯ ಹಿಂದಿನ ಹೆಂಗಸರ ನಾಡಿ ಹಿಡಿದಿದ್ದಳು. ಆದರೆ ಒಂಟಿಯಾಗಿ ಬಂದವರ ಸಾಹಸ ಬೇರೆ, ಸಂಸಾರವನ್ನು ಕಟ್ಟಿಕೊಂಡು ಬಂದವರ ಕಷ್ಟ ಬೇರೆ. ಹಡಗಿನಲ್ಲಿ ವಾರಗಟ್ಟಲೆ ಪಯಣ, ಮುಂಬಯಿಯ ಬಂದರು, ಬಳಿಕ ರೈಲು. ಇಲ್ಲಿ ಕಾಲಿಟ್ಟೊಡನೆ ಶುಶ್ರೂಷೆಗೆ ತೊಡಗುವಂತೆಯೂ ಇರಲಿಲ್ಲ; ಮೊದಲು ಭಾಷೆ ಕಲಿಯಬೇಕು. ನಿಜಾಮರ ಸೀಮೆಯಾದ್ದರಿಂದ ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ಮೂಡಣ ಹಳ್ಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತರ ನಿಘಂಟು 1894ರಲ್ಲಿಯೇ ಅಚ್ಚಾಗಿತ್ತು, ನಿಜ. ಆದರೆ ಹೊಲದಿಂದ ಎದ್ದು ಬಂದ ಮುದುಕಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು “ಒಂಥರಾ ಆಗ್ಲಾಕತ್ತದರೀ” ಎಂದರೆ, ಆ ‘ಒಂಥರಾ’ ಎಂಥದೆಂಬುದನ್ನು ಯಾವ ನಿಘಂಟು ಹೇಳಬಲ್ಲುದು?

ಔಷಧಿಯ ಜೊತೆಯಲ್ಲಿಯೇ ಮತಬೋಧೆಯೂ ಬಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಬಂದವರೂ ಅದನ್ನು ಮುಚ್ಚಿಡಲಿಲ್ಲ. ಬೋಧೆಯನ್ನು ಒಪ್ಪಿದವರು ಕೆಲವರು. ಔಷಧಿಯನ್ನಷ್ಟೇ ಪಡೆದು ನಮಸ್ಕರಿಸಿ ಹೋದವರು ಬಹಳ ಮಂದಿ. ಆ ವಿಷಯದಲ್ಲಿ ಹಳ್ಳಿಗರ ವಿವೇಕ ಸಾಮಾನ್ಯವಾದುದಲ್ಲ.

ಈ ಕುಟುಂಬಗಳು ತೆತ್ತ ನಿಜವಾದ ಬೆಲೆ ಬಿಸಿಲಲ್ಲ, ಮಕ್ಕಳ ಅಗಲಿಕೆ. ದಕ್ಷಿಣ ಭಾರತದ ಅಮೆರಿಕದ ಮಿಷನರಿಗಳು ತಮ್ಮ ಮಕ್ಕಳಿಗಾಗಿಯೇ 1901ರಲ್ಲಿ ಕೊಡೈಕೆನಾಲಿನ ಬೆಟ್ಟದ ಮೇಲೆ ಒಂದು ಶಾಲೆಯನ್ನು ತೆರೆದಿದ್ದರು. ಅಕ್ಷರ ಕಲಿಯುವ ವಯಸ್ಸಿನ ಎಳೆಯರನ್ನೂ ಅಲ್ಲಿಗೆ ಕಳುಹಿಸುವುದು ವಾಡಿಕೆಯಾಯಿತು. ದೀರ್ಘ ರಜೆ ನಮ್ಮ ಶಾಲೆಗಳಂತೆ ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಾಯಿತಂದೆಗಳೇ, ಸಾಧ್ಯವಾದರೆ, ಬೆಟ್ಟಕ್ಕೆ ಏರಿ ಬರುತ್ತಿದ್ದರು. ಇಂಥ ಮಗುವಿಗೆ ತನ್ನ ಮನೆಯಿದ್ದ ಬಯಲುಸೀಮೆ ಎಂದರೆ ಹಿತವಾದ ಚಳಿ, ತೆನೆ ತೂಗುವ ಜೋಳದ ಹೊಲ; ವರುಷದ ಉಳಿದ ಮುಖವನ್ನು ಅದು ಕಂಡೇ ಇರುವುದಿಲ್ಲ. ಸ್ವದೇಶಕ್ಕೆ ಮರಳುವ ರಜೆ ಕೆಲವು ವರ್ಷಗಳಿಗೊಮ್ಮೆ. ಅಲ್ಲಿಗೆ ಹೋದಾಗ, ಅಜ್ಜಿಯ ಮನೆಯಲ್ಲಿ ಆ ಮಗು ಅತಿಥಿ. ಕರೆ ಬಂದದ್ದು ತಂದೆತಾಯಿಗಳಿಗೆ. ಹೊರಟದ್ದು ಮಾತ್ರ ಎಲ್ಲರೂ. ಮಗುವನ್ನು ಕೇಳಿದವರಾರು?

ಯಾದಗಿರಿಯಿಂದ ಭೀಮೆಯನ್ನು ದಾಟಿ ಪಶ್ಚಿಮಕ್ಕೆ ಹೊರಟರೆ ಶಹಾಪುರ. ಮಲಗಿದ ಬುದ್ಧನೆಂದು ಹೆಸರಾದ ಬೆಟ್ಟಸಾಲು ಆಕಾಶದ ಅಂಚಿನಲ್ಲಿ ನಿಶ್ಚಿಂತೆಯಿಂದ ಪವಡಿಸಿರುತ್ತದೆ. ಇಂದು ಬಸ್ಸಿಗೆ ಅಲ್ಪಕಾಲದ ಈ ಹಾದಿ, ಎತ್ತಿನ ಗಾಡಿಯಲ್ಲಿ ರೋಗಿಯನ್ನು ಮಲಗಿಸಿಕೊಂಡು ಬರುತ್ತಿದ್ದವರಿಗೆ ಎಷ್ಟು ದೀರ್ಘವಾಗಿತ್ತೋ! ಹೊಳೆ ತುಂಬಿದ್ದರಂತೂ ಕೇಳುವುದೇ ಬೇಡ.

ಅಂದಿನ ಕಲಬುರ್ಗಿ ಜಿಲ್ಲೆಗೆ ಸೇರಿದ್ದ ಈ ಸೀಮೆಯನ್ನು ಕಾಡುತ್ತಿದ್ದ ವ್ಯಾಧಿಗಳಲ್ಲಿ ನಾರುಹುಣ್ಣು ಒಂದು. ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುವಾಗ, ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು ಅವನ್ನು ನುಂಗುತ್ತವೆ. ಆ ನೀರನ್ನು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ದಾರದಂತಹ ಉದ್ದನೆಯ ಹುಳು ಹೊರಗೆ ತಲೆಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪಸ್ವಲ್ಪವೇ ಎಳೆಯಬೇಕು; ಅವಸರದಲ್ಲಿ ತುಂಡಾದರೆ ಕಾಲು ಕೀವಾಗುತ್ತದೆ. ಇದನ್ನು ಕೊಲ್ಲುವ ಔಷಧಿ ಯಾವ ದೇಶದ ವೈದ್ಯನ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ಕಟ್ಟಕಡೆಗೆ ಅದನ್ನು ಗೆದ್ದದ್ದು ಸೋಸುವ ಬಟ್ಟೆ, ಕೊಳವೆಬಾವಿ ಮತ್ತು ಹಳ್ಳಿಹಳ್ಳಿ ಅಲೆದ ಆರೋಗ್ಯ ಕಾರ್ಯಕರ್ತರು. ಭಾರತದಲ್ಲಿ ಕೊನೆಯ ನಾರುಹುಣ್ಣು ಕಂಡದ್ದು 1996ರಲ್ಲಿ; ದೇಶ ಇದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ಅಷ್ಟರೊಳಗೆ ಮೆಥಡಿಸ್ಟ್ ಸಭೆಯೂ 1981ರಲ್ಲಿ ಅಮೆರಿಕೆಯ ಅಧೀನದಿಂದ ಬಿಡಿಸಿಕೊಂಡು ಭಾರತೀಯವಾಗಿತ್ತು.

ಶಹಾಪುರದಿಂದ ದಕ್ಷಿಣಕ್ಕೆ, ಬೇಡ ನಾಯಕರ ಸುರಪುರ. ಗುಡ್ಡಗಳು ಸುತ್ತುವರಿದ ಈ ಊರಿನಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ವೈದ್ಯನಲ್ಲ, ಮಿಷನರಿಯೂ ಅಲ್ಲ. ನಿಜಾಮರ ಸೈನ್ಯದ ಅಧಿಕಾರಿ. ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಳ್ಳಲು 1841ರಲ್ಲಿ ಬಂದು 1853ರವರೆಗೆ ಇಲ್ಲಿದ್ದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದ. ಸೆರೆವಾಸಕ್ಕೆ ಕರೆದೊಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಬಲಿಯಾದ.

ಪರರ ಮಗನಿಂದ ಅಪ್ಪನೆನಿಸಿಕೊಂಡ ಟೇಲರನ ಸ್ವಂತ ಸಂಸಾರ ಚದುರಿಹೋಗಿತ್ತು. ಹೆಂಡತಿ 1844ರಲ್ಲಿ ತೀರಿಕೊಂಡಳು; ಹೆಣ್ಣುಮಕ್ಕಳು ತಂದೆಯಿಂದ ದೂರ, ಇಂಗ್ಲೆಂಡಿನಲ್ಲಿ ಬೆಳೆದರು. ಅವನು 1860ರಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ, 1876ರಲ್ಲಿ ಗತಿಸಿದ. ಸುರಪುರದ ಆ ದಿನಗಳನ್ನೆಲ್ಲ ಬರೆದಿಟ್ಟಿದ್ದ ಆತ್ಮಕಥೆ ಮರುವರ್ಷ ಅಚ್ಚಾಯಿತು. ಹಸ್ತಪ್ರತಿಯನ್ನು ತಿದ್ದಿ ಪ್ರಕಟಣೆಗೆ ಅಣಿಗೊಳಿಸಿದವಳು ಮಗಳು ಆಲಿಸ್.