ನಡೆಯದ ಹಾದಿ

ಸೂಪಾ ಸೀಮೆಯಲ್ಲಿ ಸುಗ್ಗಿ ಮುಗಿದ ಗದ್ದೆಗಳು ಹುಡುಗರ ಆಟದ ಬಯಲುಗಳಾಗುತ್ತವೆ. ಮೂರು ಕೋಲುಗಳನ್ನು ನೆಟ್ಟರೆ ವಿಕೆಟ್ಟು ಸಿದ್ಧ. ಆದರೆ ಇಂತಹ ಬಯಲಾಟಗಳಲ್ಲಿ ಕ್ರಿಕೆಟ್ಟಿನ ಒಂದು ನಿಯಮವನ್ನು ಹುಡುಗರು ಮೊದಲೇ ಕೈಬಿಟ್ಟಿರುತ್ತಾರೆ. ಅದು ಎಲ್‌ಬಿಡಬ್ಲ್ಯು. ದಾಂಡಿಗನ ಕಾಲು ಅಡ್ಡ ಬಾರದಿದ್ದರೆ ಚೆಂಡು ವಿಕೆಟ್ಟಿಗೆ ಬಡಿಯುತ್ತಿತ್ತೆ ಎಂಬುದೇ ಆ ನಿಯಮದ ತಿರುಳು. ನಡೆದುದಕ್ಕೆ ಸಾಕ್ಷಿ ನುಡಿಯಬಹುದು. ನಡೆಯದೆ ಹೋದುದಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಜಗಳಕ್ಕಿಂತ ನಿಯಮವನ್ನು ಬಿಡುವುದೇ ಲೇಸೆಂದು ತೀರ್ಮಾನಿಸಿದ ಹುಡುಗರು ಜಾಣರೇ ಸರಿ.

ದೊಡ್ಡ ಆಟದಲ್ಲಿ ಈ ಭಾರವು ಬಹುಕಾಲ ಅಂಪೈರನೊಬ್ಬನ ಹೆಗಲ ಮೇಲೆಯೇ ಇತ್ತು. ಕಾಸರಗೋಡು ಸೀಮೆಯ ಕುಂಬಳೆಯ ಹೆಸರನ್ನು ಹೊತ್ತು ಬೆಂಗಳೂರಿನಲ್ಲಿ ಬೆಳೆದ ಅನಿಲ್ ಕುಂಬ್ಳೆಯವರು ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ 619 ವಿಕೆಟ್ಟುಗಳಲ್ಲಿ 150ಕ್ಕೂ ಹೆಚ್ಚು ಇಂತಹ ತೀರ್ಪುಗಳಿಂದ ಬಂದವು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಒಂದೇ ಇನ್ನಿಂಗ್ಸಿನಲ್ಲಿ ಕೆಡವಿದಾಗ, ಅವರು ಬೌಲ್ ಮಾಡಿದ ತುದಿಯಲ್ಲಿ ನಿಂತಿದ್ದವರು ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶ್. ಬರಿಗಣ್ಣು, ಕ್ಷಣಮಾತ್ರದ ನೋಟ, ಎತ್ತಿದ ಬೆರಳು, ಅಷ್ಟೆ.

ಇನ್ನೆರಡು ವರ್ಷಗಳಲ್ಲಿ, ಎಂದರೆ 2001ರಲ್ಲಿ, ಇಂಗ್ಲೆಂಡಿನ ಪಾಲ್ ಹಾಕಿನ್ಸ್ ಎಂಬ ವಿಜ್ಞಾನಿಯ ‘ಹಾಕ್-ಐ’ ದೂರದರ್ಶನದ ತೆರೆಯ ಮೇಲೆ ಕಾಣಿಸಿಕೊಂಡಿತು. ಹೆಸರು ಗಿಡುಗನ ಕಣ್ಣು. ಆದರೆ ಕಣ್ಣು ಒಂದಲ್ಲ. ಮೈದಾನದ ಸುತ್ತ ಎತ್ತರದಲ್ಲಿ ಹಲವು ಕ್ಯಾಮೆರಾಗಳು ಇರುತ್ತವೆ. ಒಂದೇ ಕಣ್ಣು ತೆರೆದು ಸೂಜಿಗೆ ದಾರ ಪೋಣಿಸಲು ಹೊರಟವನಿಗೆ ದಿಕ್ಕು ತಿಳಿಯುತ್ತದೆ, ದೂರ ತಿಳಿಯದು. ಒಂದು ಕ್ಯಾಮೆರಾದ ಪಾಡೂ ಇದೇ. ಬೇರೆ ಬೇರೆ ಸ್ಥಳಗಳಿಂದ ಚೆಂಡಿನತ್ತ ಎಳೆದ ಗೆರೆಗಳು ಸಂಧಿಸುವಲ್ಲಿ ಮಾತ್ರ ಅದರ ನಿಜವಾದ ನೆಲೆ ದೊರೆಯುತ್ತದೆ. ಗಣಕಯಂತ್ರವು ಇಂತಹ ನೆಲೆಗಳನ್ನು ಕ್ಷಣಕ್ಷಣಕ್ಕೂ ಗುರುತಿಸಿ, ಅವುಗಳನ್ನು ಹೊಂದಿಸಿ ಹಾದಿಯೊಂದನ್ನು ರಚಿಸುತ್ತದೆ.

ಟೆನಿಸ್ಸಿನಲ್ಲಿ ಕೆಲಸ ಬಹುಮಟ್ಟಿಗೆ ಇಲ್ಲಿಗೆ ಮುಗಿಯಿತು. ಚೆಂಡು ನೆಲ ಮುಟ್ಟಿಯೇ ಮುಟ್ಟುತ್ತದೆ. ಕ್ರಿಕೆಟ್ಟಿನಲ್ಲಿ ಹಾಗಲ್ಲ. ಕಾಲಿಗೆ ತಾಗಿದ ಚೆಂಡಿನ ಹಾದಿ ಅಲ್ಲಿಯೇ ತುಂಡಾಗುತ್ತದೆ. ಮುಂದೆ ತೆರೆಯ ಮೇಲೆ ಓಡುವ ಗೆರೆ ಯಾವ ಕ್ಯಾಮೆರಾವೂ ಕಂಡದ್ದಲ್ಲ, ಲೆಕ್ಕ ಹಾಕಿದ್ದು. ಚೆಂಡು ಪುಟಿದ ಮೇಲೆ ಸಾಗಿದ ದೂರ ಕಿರಿದಾದಷ್ಟೂ ಲೆಕ್ಕಕ್ಕೆ ಆಧಾರ ಕಿರಿದು, ಸಂಶಯ ಹಿರಿದು. ನುಣುಪಾದ ಗೆರೆಯನ್ನು ನೋಡುವವರಿಗೆ ಇದು ನೆನಪಿರುವುದಿಲ್ಲ.

ತೀರ್ಪಿನ ಮರುಪರಿಶೀಲನೆಯ ಪ್ರಯೋಗ 2008ರಲ್ಲಿ ಶ್ರೀಲಂಕಾದಲ್ಲಿ ನಡೆದಾಗ ಭಾರತದ ನಾಯಕರಾಗಿದ್ದವರು ಕುಂಬ್ಳೆಯವರೇ. ಭಾರತದ ಮನವಿಗಳಲ್ಲಿ ಬಹುಪಾಲು ಬಿದ್ದುಹೋದವು. ಮುಂದೆ ಭಾರತೀಯ ಮಂಡಳಿ ಈ ಪದ್ಧತಿಯನ್ನು ಬಹುಕಾಲ ವಿರೋಧಿಸಿತು; 2016ರಲ್ಲಿ ಒಪ್ಪಿತು. ಅಷ್ಟರಲ್ಲಿ ಇಂಜಿನಿಯರಿಂಗ್ ಪದವೀಧರರಾದ ಕುಂಬ್ಳೆಯವರು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದರು.

ಯಂತ್ರದ ಸಂಶಯಕ್ಕೂ ನಿಯಮದಲ್ಲಿ ಸ್ಥಾನವುಂಟು. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ವಿಕೆಟ್ಟಿಗೆ ತಗಲುವುದೆಂದು ಲೆಕ್ಕ ತೋರಿದರೆ, ಅಂಪೈರನ ಮೊದಲ ತೀರ್ಪೇ ಉಳಿಯುತ್ತದೆ. ಬೆರಳೆತ್ತಿದ್ದರೆ ಔಟು, ಎತ್ತದಿದ್ದರೆ, ಅದೇ ಚೆಂಡಿಗೆ, ಔಟಲ್ಲ. ಇದು ಗೊಂದಲಕ್ಕೆ ದಾರಿಯೆಂದು 2021ರಲ್ಲಿ ಅಂದಿನ ನಾಯಕ ವಿರಾಟ್ ಕೊಹ್ಲಿ ಆಕ್ಷೇಪಿಸಿದರು. ಅವರ ಅಸಮಾಧಾನ ಅಕಾರಣವೆನ್ನಲಾಗದು. ಆದರೂ, ಎಲ್‌ಬಿಡಬ್ಲ್ಯು ತೀರ್ಪುಗಳಿಂದಲೇ ಅಷ್ಟು ವಿಕೆಟ್ಟು ಗಳಿಸಿದ ಬೌಲರನ ಅಧ್ಯಕ್ಷತೆಯ ಸಮಿತಿ ಆ ವರ್ಷ ಅಂಪೈರನ ಪಾಲನ್ನು ಹಾಗೆಯೇ ಉಳಿಸಿತು.