ಎರಡು ತೋಳಿನ ದೂರ

ಸಿಟ್ಟಿಗೆದ್ದ ರೋಗಿಯಿಂದ ಎರಡು ತೋಳಿನಷ್ಟು ದೂರ ನಿಲ್ಲಬೇಕು. ಹೊರಹೋಗುವ ದಾರಿ ಅವನಿಗೂ ನಮಗೂ ತೆರೆದಿರಬೇಕು. ನಮ್ಮ ಕೈಗಳು ಅವನಿಗೆ ಕಾಣುತ್ತಿರಬೇಕು. ಮಾತನಾಡುವವರು ಒಬ್ಬರೇ ಆಗಿರಬೇಕು. ಮುಂಬಯಿಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ದುಡಿಯುವ ನಾವು ಕೆಲವರು ಕನ್ನಡದ ದಾದಿಯರು ಕಳೆದ ಮಳೆಗಾಲದಲ್ಲಿ ಎರಡು ದಿನ ಕುಳಿತು ಕಲಿತ ಪಾಠವಿದು. 'ಡಿ-ಎಸ್ಕಲೇಶನ್' ಎಂದು ಅದರ ಹೆಸರು. ಕನ್ನಡದಲ್ಲಿ ಏನೆನ್ನಬಹುದೆಂದು ಊಟದ ಬಿಡುವಿನಲ್ಲಿ ಚರ್ಚಿಸಿದೆವು. 'ಉದ್ವೇಗ ಶಮನ' ಎಂದರೆ ಚೂರ್ಣದ ಹೆಸರಿನಂತೆ ಕೇಳಿಸುತ್ತದೆ. ಮನೆಯಲ್ಲಿ ಹಿರಿಯರು 'ಸಮಾಧಾನ ಮಾಡುವುದು' ಎನ್ನುತ್ತಿದ್ದರು, ಅದೇ ಸಾಕೆನಿಸಿತು.

ಪಾಠದ ಬಹುಭಾಗ ಅಮೆರಿಕದ ತುರ್ತು ಮನೋವೈದ್ಯರ ಸಂಘ 2012ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಿಂದ ಬಂದದ್ದು. ಕೆಣಕಬಾರದು, ಮಾತು ಚಿಕ್ಕದಾಗಿರಬೇಕು, ಅವನಿಗೆ ಏನು ಬೇಕೆಂದು ತಿಳಿಯಬೇಕು, ಒಪ್ಪಬಹುದಾದ ಅಂಶವನ್ನು ಹುಡುಕಿ ಒಪ್ಪಬೇಕು, ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು, ಆಯ್ಕೆ ಕೊಡಬೇಕು. ಒಳ್ಳೆಯ ಮಾತುಗಳೇ. ಆದರೆ ನಮ್ಮ ಕ್ಯಾಶುವಲ್ಟಿಯಲ್ಲಿ ಎರಡು ಮಂಚಗಳ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟೇ ಜಾಗ. ನೆಲದ ಮೇಲೆಯೂ ಹಾಸಿಗೆಗಳಿರುತ್ತವೆ. ಎರಡು ತೋಳು ಹಿಂದೆ ಸರಿದರೆ ಇನ್ನೊಬ್ಬ ರೋಗಿಯ ಕಾಲು ತುಳಿಯುತ್ತೇವೆ. ಆಮೇಲೆ ಸಮಾಧಾನ ಮಾಡಬೇಕಾದವರು ಇಬ್ಬರಾಗುತ್ತಾರೆ!

'ಶಾಂತರಾಗಿ' ಎಂಬ ಮಾತನ್ನು ಮಾತ್ರ ಎಂದಿಗೂ ಹೇಳಕೂಡದು ಎಂದರು. ಇದು ನಮಗೆ ಅನುಭವದಿಂದ ಗೊತ್ತಿತ್ತು. ಹಾಗಾದರೆ ಏನನ್ನುವುದು? ಪಾಠದಲ್ಲಿದ್ದದ್ದು ಇಂಗ್ಲಿಷ್ ವಾಕ್ಯಗಳು. ಈ ಊರಿನಲ್ಲಿ ಮಾತು ಶುರುವಾಗುವುದು ಸಂಬಂಧವಾಚಕದಿಂದ: ಭಾವು, ಕಾಕಾ, ತಾಯಿ. ವಾರ್ಡಿನ ಸಹಾಯಕರೂ ಎಲ್ಲರಿಗೆ ಮಾಮಾ, ಮಾವಶಿ. ಒಂದು ರಾತ್ರಿ ವಿಜಯಪುರದ ಕಡೆಯ ಕಟ್ಟಡ ಕೂಲಿಯವನೊಬ್ಬ, ಸ್ಟ್ರೆಚರಿನ ಮೇಲಿದ್ದ ತಂದೆಯ ಪಕ್ಕದಿಂದ ಎದ್ದು ಸಲೈನ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಸೆಕ್ಯೂರಿಟಿಯವರು ಹಿಂದಿಯಲ್ಲಿ ಗದರಿಸುತ್ತಿದ್ದರು. ನಮ್ಮಲ್ಲೊಬ್ಬಳು ಅವರನ್ನು ಸುಮ್ಮನಿರಿಸಿ, ತನ್ನ ಉಡುಪಿಯ ಕನ್ನಡದಲ್ಲೇ ಕೇಳಿದಳು: "ಅಣ್ಣಾ, ಅಪ್ಪನಿಗೆ ಏನಾಗಿದೆ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ?"

"ಯಾರೂ ಹೇಳಿಲ್ರೀ ಅಕ್ಕಾರ. ಮುಂಜಾನಿಂದ ಕೇಳ್ಲಾಕತ್ತೀನಿ."

ಸ್ಟ್ಯಾಂಡು ಕೆಳಗಿಳಿಯಲು ಇನ್ನೂ ಹತ್ತು ನಿಮಿಷ ಹಿಡಿಯಿತು. ಸ್ಕ್ಯಾನ್ ಆಗಲು ಮತ್ತೆರಡು ಗಂಟೆ. ಅಷ್ಟೂ ಹೊತ್ತು ಅವನು ಗೋಡೆಗೊರಗಿ ಕುಳಿತಿದ್ದ, ಏಕೆಂದರೆ ಎಷ್ಟು ಹೊತ್ತಾಗುತ್ತದೆಂದು ಅವನಿಗೆ ಗೊತ್ತಿತ್ತು.

ಮಾತು ತಲುಪದ ಆಕ್ರಮಣವೂ ಇದೆ. ಎರಡು ದಿನದಲ್ಲಿ ನಮಗೆ ಅತಿ ಹೆಚ್ಚು ಉಪಯೋಗವಾದದ್ದು ಈ ಭಾಗವೇ. ರಕ್ತದ ಸಕ್ಕರೆ ತೀರ ಇಳಿದ ಮಧುಮೇಹಿ ಕುಡುಕನಂತೆ ಬೈಯುತ್ತಾನೆ, ಹೊಡೆಯಲೂ ಬರುತ್ತಾನೆ; ಅವನಿಗೆ ಬೇಕಾದದ್ದು ಗ್ಲೂಕೋಮೀಟರಿನ ಒಂದು ಹನಿ ರಕ್ತದ ಪರೀಕ್ಷೆ, ಬಳಿಕ ಗ್ಲೂಕೋಸ್. ಆಮ್ಲಜನಕ ಕಡಿಮೆಯಾದವನು ಮಾಸ್ಕನ್ನೇ ಕಿತ್ತೆಸೆಯುತ್ತಾನೆ. ಕಾಲು ಮುರಿದು ಮೂಳೆ ವಾರ್ಡಿಗೆ ಸೇರಿದ ಸೌಮ್ಯ ಮನುಷ್ಯನೊಬ್ಬ ಮೂರನೆಯ ರಾತ್ರಿ ಹಠಾತ್ತನೆ ಕೈ ನಡುಗುತ್ತ, ಇಲ್ಲದ ಹುಳುಗಳನ್ನು ಹೊದಿಕೆಯಿಂದ ಕೊಡವುತ್ತ, ಹತ್ತಿರ ಬಂದವರನ್ನು ಒದೆಯತೊಡಗಿದರೆ, ದಿನವೂ ಕುಡಿಯುತ್ತಿದ್ದ ಮದ್ಯ ನಿಂತು ಎರಡು ಮೂರು ದಿನವಾಗಿದೆ ಎಂದು ತಿಳಿಯಬೇಕು. ಅದು ಪ್ರಾಣಾಪಾಯದ ಸ್ಥಿತಿ. ದೀಪ ಹಚ್ಚಿಟ್ಟು, ನಾವು ಯಾರು, ಇದು ಯಾವ ಸ್ಥಳ ಎಂದು ಮತ್ತೆ ಮತ್ತೆ ಹೇಳುತ್ತ ಡಾಕ್ಟರನ್ನು ಕರೆಯಬೇಕು. ಲೋರಾಜೆಪಾಮ್, ಥಯಮಿನ್ ಕೊಡುವವರೆಗೆ ಸೂತ್ರಗಳ ಪಾತ್ರ ಅಷ್ಟೇ. ಇಂಥವರನ್ನು 'ಗಲಾಟೆ ಪೇಷಂಟ್' ಎಂದು ಹಣೆಪಟ್ಟಿ ಹಚ್ಚಿ ಕಟ್ಟಿಹಾಕುವುದು ಸುಲಭ. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಗಳ ವಿಷಯದಲ್ಲಿ ಇದನ್ನು ಬಿಗಿಯಾಗಿ ನಿರ್ಬಂಧಿಸಿದೆ: ಕೂಡಲೇ ಒದಗಬಹುದಾದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು, ಶಿಕ್ಷೆಯಾಗಿ ಅಲ್ಲ, ಸಿಬ್ಬಂದಿಯ ಕೊರತೆಯೆಂಬ ಕಾರಣಕ್ಕೂ ಅಲ್ಲ. ಈ ಕೊನೆಯ ಮಾತು ಓದಿದಾಗ, ಅರವತ್ತು ರೋಗಿಗಳಿಗೆ ಇಬ್ಬರಿರುವ ನಮ್ಮ ರಾತ್ರಿ ಪಾಳಿ ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗೋಡೆಯ ಮೇಲೆ ಇನ್ನೊಂದು ಕಾನೂನಿನ ಫಲಕವಿದೆ. ಮಹಾರಾಷ್ಟ್ರದ 2010ರ ಕಾಯಿದೆಯ ಪ್ರಕಾರ ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ 3 ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಅದನ್ನು ಓದಿ ಯಾರಾದರೂ ಕೈ ಇಳಿಸಿದ್ದನ್ನು ನಾವು ಕಂಡಿಲ್ಲ. ಹಾಗೆಂದು ಕಾನೂನು ಬೇಡವೆನ್ನುವುದಿಲ್ಲ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರದಲ್ಲಿ, ಪೊಲೀಸರೇ ಚಿಕಿತ್ಸೆಗೆ ಕರೆತಂದ ವ್ಯಕ್ತಿಯ ಇರಿತಕ್ಕೆ 23 ವರ್ಷದ ಡಾ. ವಂದನಾ ದಾಸ್ ಬಲಿಯಾದರು. ಯಾವ ಮೃದು ವಾಕ್ಯ ಅವರನ್ನು ಉಳಿಸುತ್ತಿತ್ತು? ನಮ್ಮ ತಾಯಂದಿರಿಗಂತೂ ಇದಕ್ಕಿಂತ ಹಳೆಯದೊಂದು ಭಯವಿದೆ. ಹಳದೀಪುರದಿಂದ ಬಂದ ಅರುಣಾ ಶಾನಭಾಗರ ಮೇಲೆ 1973ರಲ್ಲಿ ಹಲ್ಲೆ ಮಾಡಿದವನು ರೋಗಿಯಲ್ಲ, ಆಸ್ಪತ್ರೆಯ ನೌಕರನೇ. 2015ರಲ್ಲಿ ಅವರು ಕಣ್ಣು ಮುಚ್ಚುವವರೆಗೆ ಅವರನ್ನು ಜೋಪಾನ ಮಾಡಿದವರು ದಾದಿಯರು. ಊರಿನಿಂದ ಬರುವ ಫೋನಿನಲ್ಲಿ 'ರಾತ್ರಿ ಡ್ಯೂಟಿಯಾ?' ಎಂಬ ಪ್ರಶ್ನೆಯ ಹಿಂದೆ ಆ ಹೆಸರು ಇಂದಿಗೂ ಇದೆ.

ತರಬೇತಿ ಮುಗಿದ ಮೇಲೆ ಘಟನೆ ವರದಿಯ ನಮೂನೆಯಲ್ಲಿ ಹೊಸ ಕಲಮು ಸೇರಿತು: 'ಶಮನಕ್ಕೆ ಪ್ರಯತ್ನಿಸಲಾಯಿತೇ? ಹೌದು/ಇಲ್ಲ.' ಕಪಾಳಕ್ಕೆ ಏಟು ತಿಂದ ಕಿರಿಯ ಸಹೋದ್ಯೋಗಿಯೊಬ್ಬಳು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದಾಗಲೇ ಅದನ್ನು ತುಂಬಬೇಕಾಯಿತು. 'ಹೌದು' ಎಂದು ಗುರುತು ಹಾಕಿದಳು. ಏನೆಂದು ಮಾತನಾಡಿದಿರಿ ಎಂದು ವಿಚಾರಣೆಯಲ್ಲಿ ಮೂರು ಸಲ ಕೇಳಿದರು. ರೋಗಿಗೆ ಮಂಚ ಏಕೆ ಸಿಗಲಿಲ್ಲವೆಂದು ಯಾರೂ ಕೇಳಲಿಲ್ಲ. ಈಗ ಅವಳು ಡಯಾಲಿಸಿಸ್ ವಿಭಾಗದಲ್ಲಿದ್ದಾಳೆ, ತಾನಾಗಿಯೇ ಕೇಳಿ ಪಡೆದ ವರ್ಗಾವಣೆ. ತರಬೇತಿಯನ್ನು ನಾವು ಹಳಿಯುವುದಿಲ್ಲ. ಅದು ನಮ್ಮ ಕೈಗೆ ಕೊಟ್ಟ ಸಾಧನವನ್ನು ನಮ್ಮ ಕೊರಳಿಗೇ ಕಟ್ಟುವ ಕಲಮನ್ನು ಮಾತ್ರ ವಿರೋಧಿಸುತ್ತೇವೆ.

ಹತ್ತನೆಯ ಸೂತ್ರ, ಘಟನೆಯ ನಂತರ ಎಲ್ಲರೂ ಕುಳಿತು ಮಾತನಾಡಬೇಕೆಂಬುದು. ಅದಕ್ಕೆ ಪಾಳಿಯಲ್ಲಿ ಸಮಯವಿಲ್ಲದ್ದರಿಂದ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಚಹಾ ಬರುವವರೆಗಿನ ಹತ್ತು ನಿಮಿಷ ಇಟ್ಟುಕೊಂಡಿದ್ದೇವೆ. ಹಳೆಯ ರಿಜಿಸ್ಟರೊಂದರಲ್ಲಿ ಬರೆಯುತ್ತೇವೆ: ಯಾರು, ಎಷ್ಟು ಹೊತ್ತು ಕಾದಿದ್ದರು, ಏನು ಕೇಳಿದ್ದರು. ಮಾವಶಿಯರೂ ಬಂದು ಕೂರುತ್ತಾರೆ. ಮೊದಲ ತಳ್ಳು, ಮೊದಲ ಬೈಗುಳ ಬೀಳುವುದು ಅವರಿಗೇ, ಆದರೆ ಗುತ್ತಿಗೆಯವರೆಂದು ಅವರನ್ನು ತರಬೇತಿಗೆ ಕರೆದಿರಲಿಲ್ಲ. ಅವರನ್ನೂ ಸೇರಿಸಿ ಎಂದು, ರಾತ್ರಿ ಹೊತ್ತು ಬಂಧುಗಳಿಗೆ ವಿವರ ಹೇಳಲೆಂದೇ ಒಬ್ಬರನ್ನು ಕೊಡಿ ಎಂದು ರಿಜಿಸ್ಟರಿನ ಪುಟಗಳ ನಕಲು ಲಗತ್ತಿಸಿ ಅರ್ಜಿ ಕೊಟ್ಟಿದ್ದೇವೆ. ಮಾವಶಿಯರ ಹೆಸರುಗಳ ಪಟ್ಟಿ ಕಳಿಸಿ ಎಂದು ಕಳೆದ ವಾರ ಆಫೀಸಿನಿಂದ ಚೀಟಿ ಬಂದಿದೆ. ಎರಡನೆಯದಕ್ಕೆ ಉತ್ತರವಿಲ್ಲ.