ಪಿಜ್ಜಾದ ಸೊಪ್ಪು-ಸಂಬಾರಗಳು: ನೇಪಲ್ಸಿನಿಂದ ಅಕ್ಕನಿಗೆ

ನೇಪಲ್ಸ್,
ಸೆಪ್ಟೆಂಬರ್ ತಿಂಗಳು

ಪ್ರೀತಿಯ ಅಕ್ಕ,

ಮಕ್ಕಳು ಅಂಗಡಿಯಿಂದ ತರಿಸುವ ಪಿಜ್ಜಾದ ಜೊತೆಗೆ ಬರುವ ಚಿಕ್ಕ ಪೊಟ್ಟಣದ ಒಣಪುಡಿ ಯಾವ ಗಿಡದ್ದೆಂದೂ, ಆ ರೊಟ್ಟಿಗೆ ಬಳಿಯುವ ಕೆಂಪು ರಸಕ್ಕೆ ಅದರ ತವರಿನವರು ಏನೇನನ್ನು ಸೇರಿಸುವರೆಂದೂ ನೀನು ಕೇಳಿದ್ದೆಯಷ್ಟೆ. ಪ್ರಶ್ನೆ ಅಡಿಗೆಮನೆಯದೇ ಆದರೂ ಉತ್ತರವನ್ನು ಅರಸುತ್ತ ಹೋದಂತೆ ಈ ಊರಿನ ಹಳೆಯ ಪುಸ್ತಕಗಳೂ ಬೆಂಕಿಬೆಟ್ಟದ ಮಣ್ಣೂ ಕಡೆಗೆ ನಿನ್ನ ಹಿತ್ತಿಲಿನ ಗಿಡಗಳೂ ಅದರೊಳಗೆ ಬಂದು ಕೂಡಿಕೊಂಡವಾದ್ದರಿಂದ ಈ ಪತ್ರ ದೀರ್ಘವಾಗುವುದು; ಬಿಡುವಾದಾಗ ಓದು.

ಮೊದಲು ಹೇಳಬೇಕಾದ ಸಂಗತಿಯೆಂದರೆ, ಇಲ್ಲಿಯವರು ಈ ರಸವನ್ನು ಒಲೆಯ ಮೇಲಿಟ್ಟು ಕುದಿಸುವುದೇ ಇಲ್ಲ. ವೆಸೂವಿಯಸ್ ಪರ್ವತದ ಆಚೆ ಸಾರ್ನೊ, ನೊಚೆರಾ ಊರುಗಳ ಸುತ್ತಲಿನ ಬಯಲಿನಲ್ಲಿ, ಜ್ವಾಲಾಮುಖಿಯ ಬೂದಿಯಿಂದ ಸಾರವತ್ತಾದ ನೆಲದಲ್ಲಿ ಬೆಳೆಯುವ ಸ್ಯಾನ್ ಮರ್ಜಾನೊ ಎಂಬ ನೀಳವಾದ ಟೊಮೇಟೊ ಇವರಿಗೆ ಪರಮಪ್ರಿಯವಾದುದು. ತಿರುಳು ದಟ್ಟ, ಬೀಜ ವಿರಳ, ಸಿಪ್ಪೆ ತೆಳು. ಬೇಸಿಗೆಯಲ್ಲಿ ಕೊಯ್ದು, ಸಿಪ್ಪೆ ಸುಲಿದು, ಡಬ್ಬಿಗಳಲ್ಲಿ ತುಂಬಿಟ್ಟ ಆ ಹಣ್ಣನ್ನು ಕೈಯಿಂದ ಹಿಸುಕಿ ಉಪ್ಪು ಬೆರೆಸಿದರೆ ರಸ ಸಿದ್ಧವಾಯಿತು. ಈರುಳ್ಳಿಯಿಲ್ಲ, ಸಕ್ಕರೆಯಿಲ್ಲ, ಅರೆದ ಮಸಾಲೆಯಿಲ್ಲ. ನಾವು ಒಗ್ಗರಣೆಯಲ್ಲಿ ಎಣ್ಣೆಗೆ ಮೊದಲು ಪರಿಮಳವನ್ನು ಬಿಡಿಸಿಕೊಂಡು ಆಮೇಲೆ ಅಡಿಗೆಗೆ ಕೂಡಿಸಿದರೆ, ಇವರು ಸೊಪ್ಪನ್ನೂ ಬೆಳ್ಳುಳ್ಳಿಯನ್ನೂ ಹಸಿ ರಸದ ಮೇಲೆ ಹರಡಿ, ಎಲ್ಲವನ್ನೂ ಒಂದೇ ಸಲಕ್ಕೆ ಅಗ್ನಿಗೆ ಒಪ್ಪಿಸುವರು. ಸೌದೆ ಉರಿಯುವ ಆ ಗುಮ್ಮಟದಾಕಾರದ ಒಲೆಯ ಶಾಖ ಸುಮಾರು 485 ಡಿಗ್ರಿಯಾದುದರಿಂದ 60ರಿಂದ 90 ಸೆಕೆಂಡುಗಳೊಳಗೆ ರೊಟ್ಟಿಯೂ ರಸವೂ ಒಟ್ಟಿಗೆ ಬೆಂದು ಹೊರಬರುತ್ತವೆ. ಯಾವ ಸೊಪ್ಪು ಯಾವ ಹೊತ್ತಿಗೆ ಬೆಂಕಿಯ ಮುಖವನ್ನು ನೋಡಬೇಕೆಂಬ ತಿಳಿವಳಿಕೆಯಲ್ಲಿಯೇ ಈ ತಿನಿಸಿನ ಸ್ವಾರಸ್ಯವೆಲ್ಲ ಅಡಗಿದೆಯೆಂದು ನನಗೆ ದೃಢವಾಗಿ ತೋರಿದೆ.

ಟ್ರಿಬುನಾಲಿ ಎಂಬ ಇಕ್ಕಟ್ಟಾದ ಪುರಾತನ ಬೀದಿಯಲ್ಲಿ ಒಂದು ಅಂಗಡಿಯ ಕಲ್ಲಿನ ಜಗಲಿಯ ಪಕ್ಕದಲ್ಲಿ ನಿಂತು, ಮರಿನಾರಾ ಎಂಬ ಬಗೆಯನ್ನು ಮಾಡುವುದನ್ನು ಬಹಳ ಹೊತ್ತು ನೋಡಿದೆನು. ತಟ್ಟಿದ ಹಿಟ್ಟಿನ ನಡುವೆ ಒಂದು ಸೌಟು ರಸವನ್ನು ಸುರಿದು, ಸೌಟಿನ ತಳದಿಂದಲೇ ಅದನ್ನು ಒಳಗಿನಿಂದ ಹೊರಕ್ಕೆ ಸುರುಳಿ ಸುರುಳಿಯಾಗಿ ಹರಡಿ, ಕಾಗದದಷ್ಟು ತೆಳ್ಳಗೆ ಸೀಳಿದ ಬೆಳ್ಳುಳ್ಳಿಯ ಚೂರುಗಳನ್ನು ಅಲ್ಲಲ್ಲಿ ಉದುರಿಸಿದ ಬಳಿಕ, ಆ ಕುಶಲಿಯು ಒಣಗಿದ ಒರೆಗಾನೊ ಕಡ್ಡಿಯೊಂದನ್ನು ಎತ್ತಿಕೊಂಡು ಎರಡು ಅಂಗೈಗಳ ನಡುವೆ ಹೊಸಕಿದನು. ಎಲೆಯೂ ಹೂವಿನ ಮೊಗ್ಗೂ ಪುಡಿಯಾಗಿ ಉದುರಿದೊಡನೆ ಬೀದಿಯವರೆಗೂ ಕಂಪು ಹಬ್ಬಿತು. ಉದ್ದನೆಯ ಕೊಕ್ಕುಳ್ಳ ತಾಮ್ರದ ಗಿಂಡಿಯಿಂದ ಆಲಿವ್ ಎಣ್ಣೆಯ ಒಂದು ಎಳೆಯನ್ನು ಸುತ್ತ ಬಿಟ್ಟದ್ದೇ ಕಡೆಯ ಸಂಸ್ಕಾರ. ಗಿಣ್ಣಿನ ಸೋಂಕೂ ಇದಕ್ಕಿಲ್ಲ. 2017ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಊರಿನ ಪಿಜ್ಜಾ ಕುಶಲಿಗಳ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಉಚಿತವೇ ಸರಿಯೆಂದು ಆ ಕೈಗಳನ್ನು ಕಂಡಮೇಲೆ ಅನ್ನಿಸಿತು.

ನಿನ್ನ ಪೊಟ್ಟಣದಲ್ಲಿರುವ ಒಣಪುಡಿಯ ಮುಖ್ಯಾಂಶವು ಈ ಒರೆಗಾನೊವೇ. ಗಿಡ ಹೂಬಿಡುವ ಕಾಲದಲ್ಲಿ ಅದನ್ನು ಕೊಯ್ದು, ಕಟ್ಟುಗಳಾಗಿ ಬಿಗಿದು, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕುವರು. ಬಹುತೇಕ ಸೊಪ್ಪುಗಳು ಒಣಗಿದರೆ ಸತ್ತ್ವವನ್ನು ಕಳೆದುಕೊಳ್ಳುವಾಗ ಇದು ಒಣಗಿದಷ್ಟೂ ತೀಕ್ಷ್ಣವಾಗುವುದು; ಇದರ ಕಂಪಿಗೆ ಕಾರಣವಾದ ಕಾರ್ವಕ್ರಾಲ್ ಎಂಬ ದ್ರವ್ಯ ಬೇಗನೆ ಹಾರಿಹೋಗುವಂಥದಲ್ಲವಾದ್ದರಿಂದ ಒಲೆಯ ಉರಿಗೂ ಅದು ಅಂಜುವುದಿಲ್ಲ. ಅಕ್ಕ, ನೀನು ತಂಬುಳಿ ಮಾಡುವ ದೊಡ್ಡಪತ್ರೆಯ ಘಾಟಿನಲ್ಲಿಯೂ ಇದೇ ದ್ರವ್ಯವಿದೆ. ಮಲ್ಲಿಗೆಯ ಮಾಲೆಯ ನಡುನಡುವೆ ಸೇರಿಸಿ ಕಟ್ಟುವ ಮರುಗವಂತೂ ಒರೆಗಾನೊಗೆ ಒಡಹುಟ್ಟು. ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಕುಲದಲ್ಲಿಟ್ಟಿದ್ದಾರೆ. ನಾವು ಮುಡಿಗೂ ದೇವರ ಪೂಜೆಗೂ ಏರಿಸಿದ ಗಿಡದ ನೆಂಟನನ್ನು ಈ ಜನ ಅನ್ನದ ತಟ್ಟೆಗೆ ಇಳಿಸಿಕೊಂಡಿದ್ದಾರೆಂಬುದನ್ನು ನೆನೆದು ನನಗೆ ಬಹಳ ಸಂತೋಷವಾಯಿತು.

ಇನ್ನು ಬೇಸಿಲ್. ಅದು ನಮ್ಮ ಕಾಮಕಸ್ತೂರಿಯೇ. ತುಳಸಿಯ ಹತ್ತಿರದ ಬಂಧು, ಬೇಸಿಗೆಯ ಪಾನಕಕ್ಕೆ ನೆನೆಹಾಕುವ ಕರಿಬೀಜದ ತಾಯಿಗಿಡ. ಒರೆಗಾನೊ ಎಷ್ಟು ಗಟ್ಟಿಯೋ ಇದು ಅಷ್ಟು ಕೋಮಲ. ಒಣಗಿಸಿದರೆ ಹುಲ್ಲಿನ ವಾಸನೆ, ಚಾಕುವಿನಿಂದ ಕೊಚ್ಚಿದರೆ ಅಂಚು ಕಪ್ಪು, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ಎಲೆಯೆಲ್ಲ ಕಲೆ. ಆದಕಾರಣ ಇಲ್ಲಿನ ಅಡಿಗೆಯವರು ಎಲೆಯನ್ನು ಬೆರಳಿನಿಂದಲೇ ಹರಿದು ಹಾಕುವರು. ಮಾರ್ಗೆರಿತಾ ಎಂಬ ಪಿಜ್ಜಾದಲ್ಲಿ ಕೆಂಪು ರಸ, ಬಿಳಿಯ ಮೊಜರೆಲ್ಲಾ, ಹಸಿರು ಬೇಸಿಲ್, ಇಷ್ಟೇ. 1889ರಲ್ಲಿ ಇಟಲಿಯ ರಾಣಿ ಮಾರ್ಗೆರಿತಾ ಈ ಊರಿಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬವನು ರಾಷ್ಟ್ರಧ್ವಜದ ವರ್ಣಗಳಲ್ಲಿ ಇದನ್ನು ಮಾಡಿಕೊಟ್ಟನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಇತಿಹಾಸಕಾರರು ಅದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಎಲೆಯನ್ನು ಒಲೆಗೆ ಹಾಕುವ ಮುಂಚೆ ಇಡಬೇಕೋ ಹೊರತೆಗೆದ ಮೇಲೆ ಇಡಬೇಕೋ ಎಂಬ ವಿಷಯದಲ್ಲಿ ಇಲ್ಲಿ ಎರಡು ಪಕ್ಷಗಳಿವೆ. ಮುಂಚೆ ಇಟ್ಟ ಎಲೆ ತುದಿಯಲ್ಲಿ ಕರಿಗಟ್ಟಿದರೂ ತನ್ನ ಸಾರವನ್ನು ರಸಕ್ಕೂ ಎಣ್ಣೆಗೂ ಧಾರೆಯೆರೆಯುತ್ತದೆ. ಆಮೇಲೆ ಇಟ್ಟದ್ದು ಬಾಯಿಗಿಂತ ಮುಂಚೆ ಮೂಗಿಗೆ ಸಿಗುತ್ತದೆ. ಎರಡನ್ನೂ ಸವಿದು ನೋಡಿದ ನಾನು, ಮೊದಲನೆಯದನ್ನು ಗಿಣ್ಣಿನ ಮರೆಯಲ್ಲಿಟ್ಟು ಬೇಯಿಸುವವರ ಪಕ್ಷದವನಾದೆನು.

ಈ ಮಿತವ್ಯಯವು ಆದಿಯಿಂದಲೂ ಇದ್ದದ್ದೆಂದು ತಿಳಿಯಬೇಡ. ಟೊಮೇಟೊ ಅಮೆರಿಕದಿಂದ ಬಂದ ಹಣ್ಣು. ನೇಪಲ್ಸಿನಲ್ಲಿ ಅಡಿಗೆಯ ಅಧಿಕಾರಿಯಾಗಿದ್ದ ಆಂತೊನಿಯೊ ಲಾತಿನಿ ಎಂಬವನು 1692ರಿಂದ 1694ರವರೆಗಿನ ಅವಧಿಯಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಸ್ಪೇನಿನ ಪದ್ಧತಿಯ ಟೊಮೇಟೊ ರಸವೊಂದನ್ನು ಹೇಳಿದ್ದಾನೆ. ಹಣ್ಣನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು, ಈರುಳ್ಳಿ, ಮೆಣಸಿನಕಾಯಿ, ಥೈಮ್ ಜಾತಿಯ ಸೊಪ್ಪು, ಉಪ್ಪು, ಎಣ್ಣೆ, ಹುಳಿಗಳನ್ನು ಕೂಡಿಸುವ ಆ ಕ್ರಮ ನಮ್ಮ ಸುಟ್ಟ ಗೊಜ್ಜಿಗೆ ಎಷ್ಟು ಸಮೀಪವಾದುದೆಂದು ನೀನೇ ಊಹಿಸಿಕೋ. ಟೊಮೇಟೊ ಸೋಕದ ಹಳೆಯ ಬಗೆಯಾದ ಮಸ್ತುನಿಕೋಲಾದಲ್ಲಿ ಹಂದಿಯ ಕೊಬ್ಬು, ಕುರಿಹಾಲಿನ ಗಿಣ್ಣು, ಬೇಸಿಲ್‌ಗಳ ಜೊತೆಗೆ ಕರಿಮೆಣಸು ಬೀಳುತ್ತಿತ್ತು. ಮೆಣಸು ನಮ್ಮ ಪಡುವಣ ಕರಾವಳಿಯಿಂದ ರೋಮನರ ಹಡಗುಗಳನ್ನೇರಿ ಈ ಕಡೆಗೆ ಬಂದ ಪದಾರ್ಥ. ಆ ಕಾಲದ ವ್ಯಾಪಾರದ ಕುರುಹೆಂಬಂತೆ, ಪೊಂಪೇಯಿಯ ಅವಶೇಷಗಳಲ್ಲಿ 1938ರಲ್ಲಿ ಸಿಕ್ಕಿದ ಭಾರತೀಯ ದಂತದ ಪುತ್ಥಳಿಯೊಂದು ಇಲ್ಲಿನ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಅದು ಲಕ್ಷ್ಮಿಯೋ ಯಕ್ಷಿಯೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯ ಕೆಳಗೆ ಹುದುಗಿದ್ದ ಆ ಆಭರಣಭೂಷಿತೆಯ ಮುಂದೆ ನಿಂತಾಗ ಕಣ್ಣು ತುಂಬಿ ಬಂದಿತು.

ಅಮೆರಿಕದ ರೀತಿಯಲ್ಲಿ ರಸವನ್ನು ಕುದಿಸಿ ಒರೆಗಾನೊ, ಒಣ ಬೇಸಿಲ್, ಬೆಳ್ಳುಳ್ಳಿಯ ಪುಡಿ, ಸಕ್ಕರೆ, ಕೆಲವೊಮ್ಮೆ ಸೋಂಪನ್ನೂ ಹಾಕುವರು. ಅದನ್ನು ನಾನು ಹಳಿಯಲಾರೆ. ಅಲ್ಲಿನ ಒಲೆಯ ಶಾಖ ಕಡಿಮೆ, ಬೇಯುವ ಕಾಲ ಹೆಚ್ಚು, ಗಿಣ್ಣಿನ ಹೊದಿಕೆ ದಪ್ಪ. ಅಷ್ಟನ್ನೂ ದಾಟಿ ನಾಲಿಗೆಯನ್ನು ಮುಟ್ಟಬೇಕಾದರೆ ರಸದ ದನಿ ಏರಲೇಬೇಕಾಗುತ್ತದೆ.

ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿಯನ್ನು ಮೀರುವುದಿಲ್ಲವಾದ್ದರಿಂದ ನಿನ್ನ ಅಡಿಗೆಗೆ ಇಲ್ಲಿನ ಕ್ರಮವನ್ನು ಕೊಂಚ ಬದಲಿಸಬೇಕು. ನಮ್ಮ ಟೊಮೇಟೊ ನೀರು ಹೆಚ್ಚಾದುದು; ಹಿಸುಕಿದ ಮೇಲೆ ಜರಡಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೀರನ್ನು ಬಸಿ. ಬೆಳ್ಳುಳ್ಳಿಯನ್ನು ಸುಡದಂತೆ ಎಣ್ಣೆಯಲ್ಲಿ ಹೊರಳಿಸಿ ಹಾಕು. ಒರೆಗಾನೊ ಬೇಯುವ ಮುಂಚೆ ಬೀಳಲಿ, ಕಾಮಕಸ್ತೂರಿಯ ಎಲೆ ಮಾತ್ರ ಹೊರತೆಗೆದ ಮೇಲೆ. ನಿಧಾನವಾದ ಶಾಖದಲ್ಲಿ ಅದು ಬಾಡಿ ಕಪ್ಪಾಗುವುದೇ ಹೊರತು ಸುವಾಸನೆಯನ್ನು ಕೊಡದು. ಒರೆಗಾನೊಗೆ ಬದಲಾಗಿ ದೊಡ್ಡಪತ್ರೆಯನ್ನು ಹಾಕುವುದಾದರೆ, ಅದು ರಸಭರಿತವಾದ್ದರಿಂದ ಅರ್ಧ ಎಲೆಗಿಂತ ಹೆಚ್ಚು ಬೇಡ. ನನ್ನ ಮನಸ್ಸು ಮರುಗದ ಕಡೆಗೇ ವಾಲುತ್ತದೆ: ನಾಲ್ಕು ಕಡ್ಡಿಗಳನ್ನು ಈಗಲೇ ನೆರಳಿನಲ್ಲಿ ತೂಗುಹಾಕಿ, ಒಣಗಿದ ಮೇಲೆ ಅಂಗೈಯಲ್ಲಿ ಹೊಸಕಿ ಉದುರಿಸಿ ನೋಡಿ, ಹೇಗಾಯಿತೆಂದು ಬರೆ.

ಇತಿ,
ನಿನ್ನ ಪ್ರೀತಿಯ ತಮ್ಮ